ಸೇಬು ಅದ್ದಿದ ಪಾಕ

ಈ ಒಂದು ಸಂಗತಿಯನ್ನು ಬರೆಯುವುದನ್ನು ನಾನು ಬಹಳ ದಿನಗಳಿಂದ ಮುಂದೂಡುತ್ತ ಬಂದಿದ್ದೇನೆ. ಬ್ಯಾಡಗಿಯ ನಮ್ಮ ಹಳೆಯ ಮನೆಯ ಬಗ್ಗೆ ಬರೆಯಲು ಕುಳಿತಾಗಲೆಲ್ಲ ಪಡಸಾಲೆ ಬರೆದೆ, ಅಟ್ಟ ಬರೆದೆ, ಹಿತ್ತಲಿನ ಬಚ್ಚಲನ್ನೂ ಬಿಡಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದೊಡನೆ ಏನಾದರೂ ಒಂದು ನೆವ ಸಿಗುತ್ತಿತ್ತು. ಕನ್ನಡಕ ಒರೆಸಬೇಕು, ಪೆನ್ನು ಸರಿಯಾಗಿ ಮೂಡುತ್ತಿಲ್ಲ, ಸೊಂಟ ಹಿಡಿದುಕೊಂಡಿದೆ. ಮ್ಯಾಟ್ರಿಕ್‌ವರೆಗೆ ಓದಿದವನಿಗೆ ಇಷ್ಟು ಬರೆಯಲು ಶಬ್ದ ಸಿಗಲಿಲ್ಲವೆಂದು ಹೇಳಿದರೆ ಯಾರೂ ನಂಬಬಾರದು. ಬರೆದರೆ ನಾನು ಎಂಥವನೆಂದು ತಿಳಿಯುತ್ತದೆ, ಅಷ್ಟೇ ಕಾರಣ. ಕೊನೆಗೆ ಈ ಸಲದ ದೀಪಾವಳಿ ರಜೆಯಲ್ಲಿ ನನ್ನ ಮೊಮ್ಮಗಳು ಪಲ್ಲವಿ ಹಾವೇರಿಯ ನಮ್ಮ ಮನೆಯ ಅಡುಗೆಮನೆಯನ್ನು ಎರಡು ದಿನ ಹಾಳುಗೆಡವಿ, ನನ್ನನ್ನು ಆ ಹಳೆಯ ಬಾಗಿಲಿನೊಳಕ್ಕೆ ನೂಕಿದಳು.

ಪಲ್ಲವಿ ಈಗ ಒಂಬತ್ತನೆಯ ಇಯತ್ತೆ. ಫೋನಿನಲ್ಲಿ ಯಾರೋ ಸೇಬಿಗೆ ಕಡ್ಡಿ ಚುಚ್ಚಿ, ಅದನ್ನು ಕ್ಯಾರಮೆಲ್ಲಿನಲ್ಲಿ ಹೊರಳಿಸಿ, ಮೇಲೆ ಚಾಕೊಲೇಟ್ ಇಳಿಬಿಟ್ಟು, ಹುರಿದ ಸೇಂಗಾ ಉದುರಿಸುವುದನ್ನು ನೋಡಿದ್ದಾಳೆ. ಗೆಳತಿಯ ಹುಟ್ಟುಹಬ್ಬಕ್ಕೆ ಅದನ್ನೇ ಮಾಡಿ ಒಯ್ಯಬೇಕಂತೆ. ಸೇಬನ್ನು ಸೇಬಿನ ಹಾಗೆಯೇ ತಿಂದರೆ ಏನು ತೊಂದರೆ ಎಂದು ಕೇಳಿದೆ. ಒಲೆಯ ಮೇಲೆ ತಗಡಿನಂಥ ತೆಳು ಪಾತ್ರೆ ಇಟ್ಟಳು. ನಲವತ್ತು ವರ್ಷ ಪಾತ್ರೆಯ ಅಂಗಡಿ ನಡೆಸಿದ ನನ್ನ ಎದುರಿಗೆ! ಸಕ್ಕರೆ ಹಾಕಿ, ಪಾಯಸಕ್ಕೆ ಕೈಯಾಡಿಸಿದ ಹಾಗೆ ಬಿಡದೆ ಚಮಚ ತಿರುವಿದಳು. ಸಕ್ಕರೆ ಹರಳುಗಟ್ಟಿ ಮರಳಿನಂತಾಯಿತು. ಎರಡನೆಯ ಸಲ ಪಾಕವೇನೋ ಬಂತು, ಅದಕ್ಕೆ ಫ್ರಿಜ್ಜಿನ ತಣ್ಣನೆಯ ಕೆನೆ ಸುರಿದಳು. ಅದು ಬುಸ್ಸೆಂದು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಉಳಿದದ್ದರಲ್ಲಿ ಸೇಬು ಅದ್ದಿದರೆ ಅದು ಸೇಬಿಗೆ ಅಂಟಲೊಲ್ಲದು, ಜಾರಿ ಜಾರಿ ತಟ್ಟೆಯಲ್ಲಿ ಕುಳಿತುಕೊಳ್ಳುತ್ತದೆ. ಚಾಕೊಲೇಟನ್ನು ನೇರ ಉರಿಯ ಮೇಲೆ ಇಟ್ಟು, ಅದು ಸುಟ್ಟು ಮುದ್ದೆಯಾದಾಗ ನೀರು ಚಿಮುಕಿಸಿದಳು. ಅದು ಇನ್ನಷ್ಟು ಗಟ್ಟಿಯಾಯಿತು.

"ಪಾತ್ರಿ ಬದಲ ಮಾಡು. ದಪ್ಪ ಬುಡದ್ದು ತಗೋ."

"ಅಜ್ಜಾ, ನೀ ಸುಮ್ಮ ಕುಂದ್ರ. ನಿನಗ ಇದು ತಿಳಿಯಂಗಿಲ್ಲ."

"ಸೇಬಿಗೆ ಮೇಣ ಹಚ್ಚಿರ್ತಾರ, ಅದಕ ಜಾರಾಕತ್ತೇತಿ. ಬಿಸಿನೀರಾಗ ತೊಳಿ."

"ವಿಡಿಯೋದಾಗ ಹಂಗೇನೂ ಹೇಳಿಲ್ಲ."

ವಿಡಿಯೋದಲ್ಲಿ ಹೇಳದೇ ಇದ್ದದ್ದು ಈ ಪ್ರಪಂಚದಲ್ಲೇ ಇಲ್ಲ! ನಾನು ಸಿಟ್ಟಿನಿಂದ ಪೇಪರು ಹಿಡಿದುಕೊಂಡು ಹೊರಗೆ ಕುಳಿತೆ. ಮರುದಿನ ಮಧ್ಯಾಹ್ನ ಮತ್ತೆ ಅದೇ ಗದ್ದಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ವಾಸನೆ ಬಂತು. ಸಕ್ಕರೆ ಕೆಂಪಗಾಗಿ, ಕೆಂಪು ದಾಟಿ ಕಪ್ಪಿಗೆ ಹೊರಳುವಾಗಿನ ವಾಸನೆ ಅದು. ಮೊದಲು ಸಿಹಿ, ಅದರ ಬೆನ್ನಿಗೇ ಕಹಿ. ಪೇಪರು ನನ್ನ ಕೈಯಲ್ಲಿ ಹಾಗೆಯೇ ಉಳಿಯಿತು. ಸೊಸೆ ಸುಮಾ ಹಿತ್ತಲಿನಿಂದ ಓಡಿ ಬಂದಳು.

"ಅಯ್ಯ ದೇವರ! ಯಾರು ಸುಟ್ಟಿದ್ದು ಇದನ್ನ?"

"ನಾನ ಮಮ್ಮಿ. ಫೋನ್ ನೋಡ್ಕೋಂತ ನಿಂತಿದ್ದೆ, ಲಕ್ಷ್ಯ ಇರ್ಲಿಲ್ಲ. ಸಾರಿ."

"ಸಾರಿ ಅಂತ ಸಾರಿ! ಪಾತ್ರಿ ನೀನ ತಿಕ್ಕು. ಉಗುರು ಕಿತ್ತು ಬರ್ಲಿ."

ಅಷ್ಟೇ. ಎರಡು ನಿಮಿಷದಲ್ಲಿ ಮುಗಿಯಿತು. ಹುಡುಗಿ ಗೊಣಗುತ್ತ ಪಾತ್ರೆ ತಿಕ್ಕಲು ಕುಳಿತಳು, ಸುಮಾ ಬಟ್ಟೆ ಒಣಹಾಕಲು ಹೋದಳು. ನಾನು ಮಾತ್ರ ಪೇಪರು ಮಡಚಿಟ್ಟು ಕುಳಿತಲ್ಲಿಯೇ ಕುಳಿತೆ. 'ನಾನ' ಎಂಬ ಒಂದು ಮಾತು. ಹತ್ತು ವರ್ಷದವನಿದ್ದಾಗ ನನ್ನ ಬಾಯಿಂದ ಬರಬೇಕಾಗಿದ್ದ ಆ ಮಾತು ಆವರೆಗೂ ಬಂದಿರಲಿಲ್ಲ.

ಬ್ಯಾಡಗಿಯ ನಮ್ಮ ಮನೆಯಲ್ಲಿ ಮೊದಲು ಎದುರಾಗುತ್ತಿದ್ದುದು ಮೆಣಸಿನಕಾಯಿ ಚೀಲಗಳು, ಆಮೇಲೆ ಮನುಷ್ಯರು. ಅಪ್ಪ ಮತ್ತು ಕಾಕಾ ಸುತ್ತಲಿನ ಹಳ್ಳಿಗಳಿಂದ ಕಾಯಿ ತರಿಸಿ ಮಾರುತ್ತಿದ್ದರು. ಪಡಸಾಲೆಯ ಬಲಕ್ಕಿದ್ದ ಕೋಣೆ ತುಂಬ ಚೀಲಗಳೇ. ಹೊಸಬರು ಒಳಗೆ ಬಂದರೆ ಸೀನುತ್ತಿದ್ದರು, ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಹಾಸಿಗೆಯಲ್ಲಿ ಘಾಟು, ಅಂಗಿಯಲ್ಲಿ ಘಾಟು, ದೇವರ ಕೋಣೆಯ ಊದುಬತ್ತಿಯ ಹೊಗೆಯಲ್ಲೂ ಅದೇ. ಮನೆಯ ಆಳ್ವಿಕೆ ಅಜ್ಜಿಯದು. ಯಾರು ಮೊದಲು ಉಣ್ಣಬೇಕು, ಯಾರು ಯಾವ ಗಡಿಗೆ ಮುಟ್ಟಬೇಕು, ಎಲ್ಲವೂ ಅವಳ ಕಣ್ಣಿನ ಅಂಚಿನಲ್ಲಿ ನಡೆಯುತ್ತಿತ್ತು. ಗಂಡಸರ ಪಂಕ್ತಿ, ನಂತರ ನಾವು ಮಕ್ಕಳು, ಆಮೇಲೆ ಅಜ್ಜಿ ಮತ್ತು ಅವ್ವ. ಎಲ್ಲರದೂ ಮುಗಿದು ರೊಟ್ಟಿಯ ಬುಟ್ಟಿ ತಳ ಕಂಡಾಗ ಅತ್ತಿ ಉಣ್ಣುತ್ತಿದ್ದಳು, ಅಡುಗೆಮನೆಯ ಹೊಸ್ತಿಲಿನ ಒಳಮಗ್ಗುಲಲ್ಲಿ, ಗೋಡೆಗೆ ಮುಖ ಮಾಡಿ.

ಅತ್ತಿ ಎಂದರೆ ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ಅವಳನ್ನು ಮೇಡ್ಲೇರಿಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ತಂದುಕೊಂಡ, ಇವಳು ಒಂದು ಟ್ರಂಕಿನೊಂದಿಗೆ ತವರಿಗೆ ಬಂದಳು. ನಾನು ಆಗಿನ್ನೂ ತೊಟ್ಟಿಲಲ್ಲಿದ್ದೆನಂತೆ. ಅವ್ವನಿಗಿಂತ ಹೆಚ್ಚು ಅವಳ ಕಂಕುಳಲ್ಲೇ ಬೆಳೆದೆ. ಬಂದವಳಿಗೆ ಯಾರೂ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಕೆಲಸ ಮಾತ್ರ ಕೊಟ್ಟರು. ಕಸ, ಮುಸುರಿ, ಮೆಣಸಿನಕಾಯಿ ತೊಟ್ಟು ಬಿಡಿಸುವುದು. ಅವಳ ಬೆರಳುಗಳು ಸದಾ ಉರಿಯುತ್ತಿದ್ದವು. ನನ್ನ ಕೆನ್ನೆ ಹಿಂಡಬೇಕೆನಿಸಿದರೆ ಬೆರಳು ಮಡಚಿ ಗೆಣ್ಣಿನಿಂದ ತಟ್ಟುತ್ತಿದ್ದಳು, ಮುಖಕ್ಕೆ ಖಾರ ಹತ್ತೀತು ಎಂದು.

ವರ್ಷದಲ್ಲಿ ಕೆಲವೇ ದಿನ ಆ ಮನೆಗೆ ಅವಳು ಬೇಕಾಗುತ್ತಿದ್ದಳು. ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುತ್ತೇವೆ. ಸಕ್ಕರೆಯ ಪಾಕ ಕಾಯಿಸಿ, ಹಾಲು ಬಿಟ್ಟು ಕೊಳೆ ತೆಗೆದು, ಸೋಸಿ, ಹದಕ್ಕೆ ತಂದು, ಬೆಳ್ಳಗಾಗುವವರೆಗೆ ತಿಕ್ಕಿ, ನೀರಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚುಗಳಿಗೆ ಹೊಯ್ಯಬೇಕು. ಬಿಚ್ಚಿದರೆ ಆನೆ, ಒಂಟೆ, ನವಿಲು, ಕಳಸ. ಮದುವೆ ಗೊತ್ತಾದ ಹುಡುಗಿಯಿದ್ದರೆ ಗಂಡಿನ ಮನೆಯವರು ಸೀರೆ, ಹೂವಿನೊಂದಿಗೆ ಈ ಆರತಿಯನ್ನೂ ಒಯ್ಯಬೇಕು. ಆರತಿ ಹಾಲಿನಷ್ಟು ಬೆಳ್ಳಗಿರಬೇಕು. ಎಳ್ಳಷ್ಟು ಕೆಂಪಾದರೂ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಇಡೀ ಓಣಿಯಲ್ಲಿ ಅತ್ತಿಯಷ್ಟು ಬೆಳ್ಳಗಿನ ಪಾಕ ಯಾರಿಗೂ ಬರುತ್ತಿರಲಿಲ್ಲ. ಆದರೂ ಗಂಡ ಬಿಟ್ಟವಳು ಶುಭದ ಆರತಿ ಮಾಡಬಹುದೇ? ಅಜ್ಜಿ ಅದಕ್ಕೊಂದು ದಾರಿ ಹುಡುಕಿದ್ದಳು. ಪಾಕ ಅತ್ತಿಯದು, ಅಚ್ಚಿಗೆ ಹೊಯ್ಯುವ ಕೈ ಅವ್ವನದು. ಅತ್ತಿ ಕಾಯಿಸಿ, ತಿಕ್ಕಿ, ಹದ ನೋಡಿ ಹಿಂದೆ ಸರಿದು ನಿಲ್ಲಬೇಕು. ಅವ್ವ ಬಂದು ಹೊಯ್ದು, ಬಿಚ್ಚಿ, ಹೊಗಳಿಸಿಕೊಳ್ಳಬೇಕು. ಈಗ ನೆನೆದರೆ ಮೈ ಉರಿಯುತ್ತದೆ. ಆಗ ಅದು ನನಗೆ ಹಬ್ಬದ ಪದ್ಧತಿಯಂತೆ ಕಂಡಿತ್ತು.

ಎಲ್ಲರೂ ಆರತಿ ಹೊತ್ತು ಪಡಸಾಲೆಗೆ ಹೋದ ಮೇಲೆ ಅತ್ತಿ ಬೋಗುಣಿಯ ತಳದಲ್ಲಿ ಉಳಿದ ಪಾಕವನ್ನು ಸೌಟಿಗೆ ಬಳಿದು ಕೆಂಡದ ಮೇಲೆ ಹಿಡಿಯುತ್ತಿದ್ದಳು. ಅದು ಹಳದಿಯಾಗಿ, ಜೇನಿನ ಬಣ್ಣಕ್ಕೆ ತಿರುಗಿದ ಕ್ಷಣ ಒಂದು ಪೇರಲ ಹೋಳನ್ನು ಅದರಲ್ಲಿ ಹೊರಳಿಸಿ ತೆಗೆಯುತ್ತಿದ್ದಳು. ಊದಿ ಊದಿ ನನ್ನ ಬಾಯಿಗಿಡುತ್ತಿದ್ದಳು. ಹಲ್ಲಿಗೆ ಮೊದಲು ಗಾಜಿನ ಹಾಗೆ ಪಟ್ಟೆನ್ನುವುದು, ಆಮೇಲೆ ಹಣ್ಣು.

"ಯಾರಿಗೂ ಹೇಳಬ್ಯಾಡ ಮತ್ತ. ಇದು ಬಿಳೇದಲ್ಲ, ನಮ್ಮಿಬ್ಬರದು."

ನನಗೆ ಹತ್ತು ವರ್ಷವಾದಾಗ ಕಾಕಾನಿಗೆ ರಾಣೇಬೆನ್ನೂರಿನ ಹೆಣ್ಣು ಗೊತ್ತಾಯಿತು. ಆ ಹುಣ್ಣಿಮೆಗೆ ಆರತಿ ಒಯ್ಯಬೇಕು. ಅದೇ ಹೊತ್ತಿಗೆ ಅಜ್ಜನಿಗೆ ಜ್ವರ ಬಂದು, ಅಪ್ಪ ಹುಬ್ಬಳ್ಳಿಯಿಂದ ಎರಡು ಸೇಬು ತಂದಿದ್ದ. ಆಗ ಸೇಬು ಎಂದರೆ ರೋಗಿಗೆ ಕೊಡುವ ಔಷಧವಿದ್ದಂತೆ. ಒಂದನ್ನು ಹೆಚ್ಚಿ ಅಜ್ಜನಿಗೆ ಕೊಟ್ಟಿದ್ದರು, ಇನ್ನೊಂದು ಗೋಡೆಯ ಗೂಡಿನಲ್ಲಿ ಕೆಂಪಗೆ ಕುಳಿತಿತ್ತು. ಪೇರಲವೇ ಅಷ್ಟು ರುಚಿಯಾದರೆ ಇದನ್ನು ಅದ್ದಿದರೆ ಹೇಗಿರಬಹುದು? ಎರಡು ದಿನ ಬೇರೆ ಯಾವ ವಿಚಾರವೂ ನನ್ನ ತಲೆಯಲ್ಲಿರಲಿಲ್ಲ. ಮಧ್ಯಾಹ್ನದ ಊಟವಾಗಿ ಅಜ್ಜಿಯೂ ಅವ್ವನೂ ಪಡಸಾಲೆಯಲ್ಲಿ ತಟ್ಟೆಗಳನ್ನು ಜೋಡಿಸುತ್ತಿದ್ದರು. ಅತ್ತಿ ಕಲಾಯಿ ಮಾಡಿಸಿದ ದೊಡ್ಡ ಬೋಗುಣಿಯಲ್ಲಿ ಪಾಕ ಇಟ್ಟು, ಸಣ್ಣ ಉರಿಯಲ್ಲಿ ಬಿಟ್ಟು, ಹಿತ್ತಲಿನ ತೊಟ್ಟಿಯಲ್ಲಿ ನೆನೆಸಿದ್ದ ಅಚ್ಚು ತರಲು ಎದ್ದಳು.

"ಉರಿ ಇಷ್ಟ ಇರ್ಲಿ. ಒಲಿಗೆ ಕೈ ಹಚ್ಚಬ್ಯಾಡ. ನಾ ಬರೂತನಾ ನೋಡ್ಕೋಂತ ಕುಂದ್ರು, ಜಾಣ."

ಅವಳು ಹೊಸ್ತಿಲು ದಾಟಿದೊಡನೆ ನಾನು ಗೂಡಿನಿಂದ ಸೇಬು ತಂದೆ. ಹತ್ತಿಕಟ್ಟಿಗೆಯ ಒಂದು ಕಡ್ಡಿ ಮುರಿದು ಚುಚ್ಚಿ ಪಾಕದಲ್ಲಿ ಅದ್ದಿದೆ. ನೀರಿನ ಹಾಗೆ ಜಾರಿಹೋಯಿತು. ಕೆಂಪಾಗಬೇಕಲ್ಲ! ಎರಡು ಹಿಡಿ ಹತ್ತಿಕಟ್ಟಿಗೆ ಒಲೆಗೆ ತುರುಕಿದೆ. ಅದು ಹೇಗೆ ಉರಿಯುತ್ತದೆಂದು ನಮ್ಮ ಕಡೆಯವರಿಗೆ ಗೊತ್ತು. ಜ್ವಾಲೆ ಬೋಗುಣಿಯ ಕಂಠದವರೆಗೆ ಎದ್ದಿತು. ಪಾಕ ಹಳದಿಯಾಯಿತು, ನಾನು ಸಂತೋಷದಿಂದ ಸೇಬು ಮುಳುಗಿಸಿದೆ. ಎತ್ತುವಷ್ಟರಲ್ಲಿ ಕೆಂಪು, ನೋಡುತ್ತಿದ್ದ ಹಾಗೆಯೇ ಅಂಚಿನಲ್ಲಿ ಕಪ್ಪು. ವಾಸನೆ ಎದ್ದಿತು. ಕಟ್ಟಿಗೆ ಹೊರಗೆಳೆಯಬೇಕಿತ್ತು, ಅತ್ತಿಯನ್ನು ಕೂಗಬೇಕಿತ್ತು. ನಾನು ಸೇಬನ್ನು ಅಂಗಿಯೊಳಗೆ ಅವುಚಿಕೊಂಡು ಚೀಲದ ಕೋಣೆಗೆ ಓಡಿದೆ.

ಚೀಲಗಳ ಹಿಂದೆ ಕುಳಿತು ಅದನ್ನು ಬಾಯಿಗಿಟ್ಟರೆ ನಾಲಿಗೆ ಸುಟ್ಟಿತು. ಆರಲಿ ಎಂದು ಚೀಲದ ಮೇಲಿಟ್ಟೆ. ಅಂಟು ಪಾಕಕ್ಕೆ ಮೆಣಸಿನಕಾಯಿಯ ಪುಡಿ, ಬೀಜ ಎಲ್ಲ ಮೆತ್ತಿಕೊಂಡವು. ಆದರೂ ತಿಂದೆ. ಕಣ್ಣು, ಮೂಗು ಸುರಿಯುತ್ತಿದ್ದರೂ ಬಿಡದೆ ತಿಂದೆ, ಯಾಕೆಂದರೆ ಉಳಿದರೆ ಸಿಕ್ಕಿಬೀಳುತ್ತೇನೆ. ನಡುವಿನ ಬೀಜದ ಭಾಗವನ್ನು ಚೀಲದ ಸಂದಿಗೆ ತುರುಕಿದೆ. ಕಣ್ಣೀರು ಸುರಿಸುತ್ತ ಹೊರಗೆ ಬಂದಾಗ ಅಡುಗೆಮನೆಯಲ್ಲಿ ಎಲ್ಲರೂ ನೆರೆದಿದ್ದರು. ಹುಡುಗ ಆರತಿ ಕೆಟ್ಟದ್ದಕ್ಕೆ ಅಳುತ್ತಿದ್ದಾನೆಂದು ಅವ್ವ ನನ್ನ ತಲೆ ನೇವರಿಸಿದಳು.

"ಒಲಿ ಬಿಟ್ಟು ಎಲ್ಲಿ ಹೋಗಿದ್ದಿ?" ಅಜ್ಜಿ ಅತ್ತಿಯನ್ನು ಕೇಳುತ್ತಿದ್ದಳು.

"ಅಚ್ಚು ತರಾಕ ಹೋಗಿದ್ದೆನವ್ವ."

"ಉರಿ ಹೆಂಗ ಹೆಚ್ಚಾತು ಮತ್ತ? ದೆವ್ವ ಬಂದು ಕಟಗಿ ಇಡ್ತೇನು?"

ಅತ್ತಿ ಒಲೆಯ ಬಾಯಿಯಲ್ಲಿ ತುರುಕಿದ್ದ ಕಟ್ಟಿಗೆ ನೋಡಿದಳು. ಖಾಲಿ ಗೂಡು ನೋಡಿದಳು. ನನ್ನನ್ನು ನೋಡಿದಳು. ನಾನು ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿದೆ.

"ಗೊತ್ತಾಗಲಿಲ್ಲವ್ವ. ನಾನ ಹೆಚ್ಚಿಗಿ ಇಟ್ಟಿರಬೇಕು."

"ಗೂಡಿನಾಗಿನ ಹಣ್ಣ ಎಲ್ಲಿ? ರೋಗಿ ಬಾಯಾಗಿನ ತುತ್ತು ಅದು! ಅದನ್ನೂ ನುಂಗಿದೇನು? ಇವಳ ಕೈಯಾಗ ಶುಭದ ಪಾಕ ಕೊಟ್ಟದ್ದ ನನ್ನ ತಪ್ಪು. ತನ್ನ ಬಾಳೇ ಸುಟ್ಟುಕೊಂಡಾಕಿ!"

ಅತ್ತಿ ಸುಟ್ಟ ಬೋಗುಣಿಯನ್ನು ಎತ್ತಿಕೊಂಡು ಹಿತ್ತಲಿಗೆ ನಡೆದಳು. ನನಗೆ ಅವಳ ಮೇಲೆಯೇ ಸಿಟ್ಟು ಬಂತು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಖರೇ ಅದು. ಹೇಳಬಾರದೇ? ಹೇಳಿದರೆ ನಾನು ಎರಡು ಏಟು ತಿನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಬಾಯಿ ಬಿಡದೆ ಆ ಭಾರವನ್ನೆಲ್ಲ ನನ್ನ ಮೇಲೆ ಹಾಕಿದಳು ಎಂದು ನನಗೆ ಆಗ ಅನ್ನಿಸಿತು. ಸಂಜೆ ಅವಳು ಚೀಲದ ಕೋಣೆ ಗುಡಿಸಲು ಹೋದಳು. ಹೊರಗೆ ಬಂದಾಗ ಅವಳ ಮುಷ್ಟಿ ಮುಚ್ಚಿತ್ತು. ಅದರಲ್ಲಿದ್ದುದನ್ನು ಇರುವೆ ಸಮೇತ ಬಚ್ಚಲ ಒಲೆಗೆ ಹಾಕಿ ನನ್ನ ಹತ್ತಿರ ಬಂದಳು.

"ಅಂಗಿಗೆ ಪಾಕ ಹತ್ತೇತಿ. ತಗಿ, ಬಿಸಿನೀರಾಗ ಹಾಕ್ತೇನಿ. ನಿಮ್ಮವ್ವ ನೋಡಿದ್ರ ಬಡೀತಾಳ."

ಅಂಗಿ ಬಿಚ್ಚುವಾಗ ಹೊಟ್ಟೆಯ ಮೇಲಿನ ಬೊಬ್ಬೆ ಕಂಡು, ಕೊಬ್ಬರಿ ಎಣ್ಣೆಯನ್ನು ಬೆರಳಿನಿಂದಲ್ಲ, ಗೆಣ್ಣಿನಿಂದ ಹಚ್ಚಿದಳು.

ರಾಣೇಬೆನ್ನೂರಿಗೆ ಪೇಟೆಯ ಆರತಿ ಹೋಯಿತು. ಅತ್ತಿಯ ಅಚ್ಚುಗಳನ್ನು ಅಜ್ಜಿ ಕರ್ಜಗಿಯ ತನ್ನ ಇನ್ನೊಬ್ಬ ಮಗಳಿಗೆ ಕಳಿಸಿಬಿಟ್ಟಳು. ಆಮೇಲೆ ಯಾವ ಹಬ್ಬಕ್ಕೂ ಅತ್ತಿಯನ್ನು ಒಲೆಯ ಮುಂದೆ ಕೂರಿಸಲಿಲ್ಲ, ಕಾಕಾನ ಮದುವೆಯಲ್ಲಿ ಅವಳು ಹಿತ್ತಲಿನಲ್ಲಿ ಪಾತ್ರೆ ತಿಕ್ಕಿದಳು. ನಾನು ಅವಳ ಹತ್ತಿರ ಹೋಗುವುದನ್ನು ಕಡಿಮೆ ಮಾಡಿದೆ. ಕರೆದರೆ ಒರಟಾಗಿ ಉತ್ತರಿಸಿದೆ. ತಪ್ಪು ಮಾಡಿದವನಿಗೆ ಅದನ್ನು ಬಲ್ಲವರ ಮುಖ ಬೇಡವಾಗುತ್ತದೆ. ಮುಂದೆ ಅಂಗಡಿ ಹಾಕಿದೆ, ಮದುವೆಯಾದೆ, ಊರಿನಲ್ಲಿ ಹಿರಿಯನೆನಿಸಿಕೊಂಡೆ. ಎಲ್ಲಿ ಏನು ಕೆಟ್ಟರೂ ಮೊದಲು ಅಲ್ಲಿಂದ ಎದ್ದುಹೋಗುವ ಗುಣ ನನ್ನಲ್ಲಿ ಇಂದಿಗೂ ಉಳಿದಿದೆ. ನನ್ನ ಹೆಂಡತಿ ಸಾಯುವವರೆಗೆ ಅದನ್ನು ಹೇಳಿಕೊಂಡು ಬೈದಳು. ಅದು ಎಲ್ಲಿ ಶುರುವಾಯಿತೆಂದು ಅವಳಿಗೂ ಹೇಳಲಿಲ್ಲ.

ಇನ್ನೊಂದು ಅವಕಾಶ ನನ್ನ ಮನೆಯ ಬಾಗಿಲಿಗೇ ಬಂದಿತ್ತು. ನನ್ನ ಮಗನಿಗೆ ಸುಮಾ ಗೊತ್ತಾದ ವರ್ಷ, ಬ್ಯಾಡಗಿಯಿಂದ ಅತ್ತಿ ಬಸ್ಸು ಹತ್ತಿ ಒಬ್ಬಳೇ ಬಂದಳು. ಬೆನ್ನು ಬಾಗಿತ್ತು. ಕೈಚೀಲದಲ್ಲಿ ಹಳೆಯ ಬಟ್ಟೆ ಸುತ್ತಿದ ಗಂಟೊಂದಿತ್ತು. ಬಿಚ್ಚಿದರೆ ಕಟ್ಟಿಗೆಯ ಅಚ್ಚುಗಳು. ಕರ್ಜಗಿಗೆ ಹೋಗಿ ಕೇಳಿ ತಂದಿದ್ದಳು.

"ಸೊಸಿಗೆ ಆರತಿ ಒಯ್ಯಬೇಕಲ್ಲಪಾ. ಈ ಸಲ ಪಾಕ ನಾ ಹಾಕ್ಲೇನು?"

ಆ ಹೊತ್ತಿಗೆ ಬೀಗರ ಕಡೆಯವರು ಪಡಸಾಲೆಯಲ್ಲಿ ಕುಳಿತಿದ್ದರು. ಅವರು ಏನೆಂದುಕೊಳ್ಳುತ್ತಾರೋ ಎಂದು ನನಗೆ ಚಿಂತೆಯಾಯಿತು. ಐವತ್ತು ದಾಟಿದ ಗಂಡಸು ನಾನು, ಅಜ್ಜಿ ಸತ್ತು ಎಷ್ಟೋ ವರ್ಷಗಳಾಗಿದ್ದವು. ಆದರೂ ಬಾಯಿಂದ ಬಂದದ್ದು ಇಷ್ಟು:

"ಬ್ಯಾಡ ಬಿಡತ್ತಿ. ಪ್ಯಾಟ್ಯಾಗ ಚಲೋ ಸಿಗ್ತಾವ."

ಅವಳು ಅಚ್ಚುಗಳನ್ನು ಒಂದೊಂದಾಗಿ ಮತ್ತೆ ಬಟ್ಟೆಯಲ್ಲಿ ಸುತ್ತಿದಳು.

"ಹೌದಪಾ. ಅವು ಬೆಳ್ಳಗರ ಇರ್ತಾವ."

ಊಟ ಮಾಡಿ ಸಂಜೆಯ ಬಸ್ಸಿಗೆ ಹೋದಳು. ಗಂಟನ್ನು ನಮ್ಮ ಮನೆಯಲ್ಲಿಯೇ ಬಿಟ್ಟಿದ್ದಳು, ಅದು ಅಟ್ಟ ಸೇರಿತು. ಎರಡು ಮಳೆಗಾಲದ ನಂತರ ತೀರಿಕೊಂಡಳು. ಮಣ್ಣು ಕೊಡುವಾಗಲೂ ನಾನು ಮನಸ್ಸಿನಲ್ಲಾದರೂ ಹೇಳಲಿಲ್ಲ. ಬಿಸಿಲು ಬಹಳವಿದೆ, ಲಗೂ ಮುಗಿಸಿ ಎಂದು ಉಳಿದವರಿಗೆ ಹೇಳುತ್ತ ನಿಂತಿದ್ದೆ.

ಮೊನ್ನೆ ಪಲ್ಲವಿ ಪಾತ್ರೆ ತಿಕ್ಕಿ ಮುಗಿಸುವವರೆಗೆ ನಾನು ಇಷ್ಟನ್ನೂ ಕುಳಿತಲ್ಲಿಯೇ ನೆನೆದೆ. ಬುಟ್ಟಿಯಲ್ಲಿ ನಾಲ್ಕು ಸೇಬು ಉಳಿದಿದ್ದವು. ಹುಡುಗಿ ಅವುಗಳನ್ನು ಸುಮ್ಮನೆ ನೋಡುತ್ತ ನಿಂತಿದ್ದಳು. ಎದ್ದು ಒಳಗೆ ಹೋದೆ. ದಪ್ಪ ಬುಡದ ಪಾತ್ರೆ ನಾನೇ ಇಳಿಸಿದೆ. ಸೇಬುಗಳನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ ಕಡ್ಡಿ ಚುಚ್ಚಲು ಹೇಳಿದೆ. ಸಕ್ಕರೆಗೆ ಸ್ವಲ್ಪ ನೀರು, ನಾಲ್ಕು ಹನಿ ನಿಂಬೆರಸ, ಸಣ್ಣ ಉರಿ.

"ಚಮಚ ಮುಟ್ಟಬ್ಯಾಡ. ಆರತಿಗಾದ್ರ ತಿಕ್ಕಬೇಕು. ಇದಕ್ಕ ಕೈ ಹಚ್ಚಬಾರದು, ಕಣ್ಣು ತಗೀಬಾರದು."

ಪಾಕ ಹಳದಿಯಾಗಿ, ಜೇನಿನ ಬಣ್ಣಕ್ಕೆ ತಿರುಗಿತು. ಆ ಕ್ಷಣಕ್ಕೆ ಉರಿ ಆರಿಸಿ, ಬೆಚ್ಚಗೆ ಮಾಡಿದ ಕೆನೆಯನ್ನೂ ಬೆಣ್ಣೆಯನ್ನೂ ಸೇರಿಸಿದೆವು. ಕುದಿಯುವ ನೀರಿನ ಪಾತ್ರೆಯ ಮೇಲೆ ಬೋಗುಣಿ ಇಟ್ಟು ಚಾಕೊಲೇಟ್ ಕರಗಿಸಿದೆವು. ಸೇಬು ಅದ್ದಿದರೆ ಈ ಸಲ ಕ್ಯಾರಮೆಲ್ ಜಾರಲಿಲ್ಲ. ತುಪ್ಪ ಸವರಿದ ತಟ್ಟೆಯಲ್ಲಿಟ್ಟು, ಅದು ಬಿಗಿದ ಮೇಲೆ ಚಾಕೊಲೇಟಿನಲ್ಲಿ ಅರ್ಧ ಮುಳುಗಿಸಿದೆವು. ಹುಡುಗಿ ಬಾಯಿ ತೆರೆದು ನಿಂತಿದ್ದಳು.

"ಅಜ್ಜಾ, ನಿನಗ ಯಾರು ಕಲಿಸಿದ್ರು ಇದನ್ನ?"

"ನಮ್ಮ ಅತ್ತಿ."

ಆಮೇಲೆ ನಿಲ್ಲಿಸಲಾಗಲಿಲ್ಲ. ನಿಂತಲ್ಲಿಯೇ ಎಲ್ಲ ಹೇಳಿದೆ. ಸೇಬು, ಹತ್ತಿಕಟ್ಟಿಗೆ, ಚೀಲದ ಕೋಣೆ, ಅಚ್ಚಿನ ಗಂಟು. ನಡುವೆ ಬಂದು ಬಾಗಿಲಲ್ಲಿ ನಿಂತ ಸುಮಾ ತನಗೆ ಬಂದ ಪೇಟೆಯ ಆರತಿಯ ಕಥೆಯನ್ನೂ ಕೇಳಿದಳು.

"ಏನ್ರಿ ಮಾವಾರ, ಇಷ್ಟು ವರ್ಷ ಹೊಟ್ಟ್ಯಾಗ ಇಟ್ಕೊಂಡು ಕುಂತಿದ್ರೇನು? ಆ ಗಂಟು ಅಟ್ಟದ ಮ್ಯಾಲ ಐತಿ. ಏನೋ ಹಳೇ ಕಟಗಿ ಅಂತ ಮೊನ್ನೆ ಒಗ್ಯಾಕ ತಗದಿದ್ದೆ!"

ಪಲ್ಲವಿ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿತ್ತು, ಮತ್ತು ಅದು ನ್ಯಾಯವಾದದ್ದೇ ಆಗಿತ್ತು.

"ನಾನ ಮಾಡಿದ್ದು ಅಂತ ಒಂದ್ ಮಾತು ಅನ್ನೂದಿತ್ತಲ್ಲ ಅಜ್ಜಾ. ಆ ಅಜ್ಜಿ ಹೆಸರರ ಏನು?"

ಆ ಮನೆಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಅಜ್ಜಿಗೆ ಅವಳು 'ಏ ಇಕಿ', ಅವ್ವನಿಗೆ 'ನಮ್ಮ ನಾದಿನಿ', ಓಣಿಗೆ 'ಮೇಡ್ಲೇರ್ಯಾಕಿ', ನನಗೆ ಅತ್ತಿ. ಹುಡುಗಿ ಕಾಯುತ್ತ ನಿಂತಿದ್ದಳು. ತಟ್ಟೆಯಲ್ಲಿ ಕೊನೆಯ ಸೇಬಿನ ಮೇಲಿನ ಪಾಕ ಇನ್ನೂ ಬೆಚ್ಚಗಿತ್ತು. ನಾನು ಸುಟ್ಟದ್ದನ್ನು ತಾನು ಸುಟ್ಟೆನೆಂದು ಹೇಳಿದವಳು, ನಾನು ಯಾರಿಗೆ ಒಮ್ಮೆಯೂ ತಪ್ಪಾಯಿತೆಂದು ಹೇಳಲಿಲ್ಲವೋ ಅವಳು, ನೀಲವ್ವ.